ಕಟ್ಟೆಯ ಮೇಲೆ ಹೇಳಿದ ತೀರ್ಪು

ಮೊನ್ನೆ ನಮ್ಮ ವಕೀಲರ ಸಂಘದಲ್ಲಿ ನನ್ನ ಸೀನಿಯರ್ ಆಗಿದ್ದ ಸರ್ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಧಾರವಾಡಕ್ಕೆ ಹೈಕೋರ್ಟ್ ಪೀಠ ತಂದ ಭಗೀರಥ ಎಂದರು. ಈ ವಿಷಯದಲ್ಲಿ ನಮ್ಮ ಊರಿನಲ್ಲಿ ಭಗೀರಥರಿಗೆ ಬರವಿಲ್ಲ. ಹೋರಾಟದ ಪೆಂಡಾಲಿನಲ್ಲಿ ಒಂದು ದಿನ ಕೂತು ಹಾರ ಹಾಕಿಸಿಕೊಂಡವರೂ ಭಗೀರಥರೇ, ಪೆಂಡಾಲಿಗೆ ಕುರ್ಚಿ ಕೊಟ್ಟವರೂ ಭಗೀರಥರೇ. ನಮ್ಮ ಸರ್ ಆ ಸಭೆಯಲ್ಲಿ ಇದ್ದಿದ್ದರೆ ಪಕ್ಕದವರ ಕಿವಿಗೆ ಬಾಗಿ, "ಗಂಗಿ ಬಂದ್ಲು ಖರೇ, ಕುಡಿಯಾಕ ತಂಬಿಗಿ ಯಾರ್ ಕೊಡ್ತಾರ ಕೇಳ್ರಿ" ಎನ್ನುತ್ತಿದ್ದರು.

ನನ್ನನ್ನೂ ಮಾತಿಗೆ ಕರೆದರು. ನಾನು ಏಳಲಿಲ್ಲ. ಎದ್ದಿದ್ದರೆ ಅತ್ತುಬಿಡುತ್ತಿದ್ದೆ, ಆಮೇಲೆ ಅದು ವರ್ಷವಿಡೀ ಕ್ಯಾಂಟೀನಿನಲ್ಲಿ ಮಾತಾಗುತ್ತಿತ್ತು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಬರೆಯುವುದಿಲ್ಲ. "ವಕೀಲನ ಹೆಸರು ವಕಾಲತ್ತಿನ ಮ್ಯಾಲೆ ಇದ್ರ ಸಾಕು, ಗ್ವಾಡಿ ಮ್ಯಾಲೆ ಬ್ಯಾಡ" ಎಂದು ಹೇಳಿ ಮನೆಯ ಮುಂದೆ ಬೋರ್ಡನ್ನೂ ಹಾಕಿಸದ ಮನುಷ್ಯ ಅವರು.

ಹೋರಾಟದ ಮಾತು ಬಂತಲ್ಲ, ಅದನ್ನು ಹೇಳಿಬಿಡುತ್ತೇನೆ. ಪೀಠ ಬೇಕೆಂದು ಸರದಿ ಉಪವಾಸ ನಡೆಯುತ್ತಿದ್ದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಸರ್ ಅವರ ಪಾಳಿ ಬಂದ ದಿನ ಮಧ್ಯಾಹ್ನ ಅವರು ಪೆಂಡಾಲಿನ ಹಿಂದೆ ನಿಂತು ಮಂಡಕ್ಕಿಯ ಗಿರ್ಮಿಟ್ ತಿನ್ನುತ್ತಿದ್ದರಂತೆ. ಯಾರೋ ನೋಡಿದರು. ಸರ್ ಬಾಯಿ ಒರೆಸಿಕೊಂಡು ಸೀದಾ ಮೈಕಿನ ಮುಂದೆ ಬಂದು, "ನನಗ ಹಸಿವು ತಡಿಯಾಂಗಿಲ್ಲ. ಗಿರ್ಮಿಟ್ ತಿಂದೇನಿ. ಇವತ್ತಿಂದು ಲೆಕ್ಕಕ್ಕ ಹಿಡೀಬ್ಯಾಡ್ರಿ, ನಾಳೆ ಮತ್ತ ಮೊದಲಿಂದ ಕೂಡ್ತೇನಿ" ಎಂದು ಸಾರಿದರಂತೆ. ಮರುದಿನ ಕೂತರು, ಸಂಜೆಯ ತನಕ ಒಂದು ಹನಿ ಚಹಾ ಸಹ ಮುಟ್ಟಲಿಲ್ಲ. ಇದನ್ನು ಅವರೇ ನಗುನಗುತ್ತ ನನಗೆ ಹೇಳಿದ್ದು.

ಉಳಿದವರಿಗೆ ಪೀಠ ಎನ್ನುವುದು ಊರಿನ ಮಾನದ ಪ್ರಶ್ನೆಯಾಗಿತ್ತು. ಅದೇನೂ ತಪ್ಪಲ್ಲ. ಸರ್ ಅವರಿಗೆ ಮಾತ್ರ ಅದರ ಹಿಂದೆ ಶಿರಗುಪ್ಪಿಯ ಒಬ್ಬ ಮುದುಕನಿದ್ದ. ಆ ಮುದುಕನ ಸಂಗತಿ ನನಗೆ ಗೊತ್ತಾದದ್ದು ಅವರ ಆಫೀಸು ಸೇರಿ ಬಹಳ ದಿನಗಳಾದ ಮೇಲೆ.

ನಾನು ಅವರ ಕೈಕೆಳಗೆ ಜೂನಿಯರ್ ಆಗಿ ಸೇರಿದ್ದು ಪೀಠ ಬಂದ ಹೊಸದರಲ್ಲಿ. ಮಾಳಮಡ್ಡಿಯ ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಕುಳ್ಳನೆಯ ದೇಹ, ಹೆಗಲ ಮೇಲೆ ಬಣ್ಣ ಮಾಸಿ ಕಂದಾದ ಕರಿಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ನನ್ನ ಮಾರ್ಕ್ಸ್ ಕಾರ್ಡನ್ನು ತಿರುಗಿಸಿಯೂ ನೋಡಲಿಲ್ಲ.

"ಹೈಕೋರ್ಟಿನ್ಯಾಗ ಅಪೀಲು ಡಿಸ್ಮಿಸ್ ಆತು ಅಂತ ತಿಳಿ. ಗೆದ್ದಾವ ಯಾರು?"

"ಅಪೀಲು ಹಾಕಿದವರು ಸೋತರು ಸರ್. ಎದುರಿನವರು ಗೆದ್ದರು. ಕೆಳಗಿನ ಕೋರ್ಟಿನ ತೀರ್ಪು ಹಾಗೇ ಉಳಿಯಿತು" ಎಂದೆ. ಇಷ್ಟು ಸುಲಭದ ಪ್ರಶ್ನೆ ಕೇಳಿದರಲ್ಲ ಎಂದು ಒಳಗೊಳಗೇ ಸಿಟ್ಟೂ ಬಂದಿತ್ತು.

"ನಿನಗ ಗೊತ್ತೈತಿ. ನೀ ಓದಿದಾಕಿ. ಅವರಿಗೆ?" ಎಂದು ಹೊರಗೆ ಪಡಸಾಲೆಯಲ್ಲಿ ಕಾಯುತ್ತ ಕೂತಿದ್ದ ಕಕ್ಷಿದಾರರ ಕಡೆಗೆ ಗದ್ದ ಎತ್ತಿ ತೋರಿಸಿದರು. ಅಲ್ಲಿ ಉಪ್ಪಿನಬೆಟಗೇರಿಯ ಇಬ್ಬರು ಅಣ್ಣತಮ್ಮಂದಿರು ರುಮಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಅವರತ್ತ ತಿರುಗಿ ನೋಡಿದೆ. "ನಾಳೆ ಬಾ" ಎಂದರು.

ಅವರ ಜೊತೆಗೆ ಮೊದಲ ಸಲ ಹೈಕೋರ್ಟಿಗೆ ಹೋದ ದಿನ ಒಂದು ವಿಚಿತ್ರ ಕಂಡೆ. ಕೇಸು ಮುಗಿಯಿತು. ಬೇರೆ ಹಿರಿಯ ವಕೀಲರಾದರೆ ಕೋಟು ಬೀಸುತ್ತ ಮುಂದಿನ ಕೋರ್ಟ್ ಹಾಲಿಗೆ ನಡೆಯುತ್ತಾರೆ, ಹಿಂದೆ ಕಕ್ಷಿದಾರ ಓಡಿ ಬರುತ್ತಾನೆ, ಜೂನಿಯರ್ ಯಾರೋ "ಆಫೀಸಿಗೆ ಬರ್ರಿ, ಹೇಳ್ತೀವಿ" ಎಂದು ಸಾಗಹಾಕುತ್ತಾರೆ. ಸರ್ ಹಾಗಲ್ಲ. ಹಾಲಿನ ಹಿಂದಿನ ಸಾಲಿನಲ್ಲಿ ಕೂತಿದ್ದ ತಮ್ಮ ಕಕ್ಷಿದಾರರನ್ನು ತಾವೇ ಕರೆದುಕೊಂಡು ಹೊರಗೆ ಬಂದರು. ಕ್ಯಾಂಟೀನಿನ ಪಕ್ಕದ ಕಟ್ಟೆಯ ಮೇಲೆ ಅವರನ್ನು ಕೂರಿಸಿದರು. ಕೊರಳಿನ ಬಿಳಿ ಬ್ಯಾಂಡು ಬಿಚ್ಚಿ ಜೇಬಿಗೆ ತುರುಕಿದರು. ಕೋಟು ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಒಳಗೆ ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯ ತನಕ ಧಾರವಾಡದ ಕನ್ನಡದಲ್ಲಿ ಹೇಳಿದರು. ಜಡ್ಜ್ ಸಾಹೇಬರು ಏನು ಕೇಳಿದರು, ತಾವೇನು ಉತ್ತರ ಕೊಟ್ಟರು, ಎದುರಿನ ವಕೀಲ ಎಲ್ಲಿ ಕೊಸರಾಡಿದ, ತಾವು ಎಲ್ಲಿ ತಡವರಿಸಿದರು, ಒಂದನ್ನೂ ಬಿಡಲಿಲ್ಲ.

"ಕೋಟು ಯಾಕೆ ತೆಗೀತೀರಿ ಸರ್?" ಎಂದು ಆಮೇಲೆ ಕೇಳಿದೆ.

"ಅದನ್ನ ಹಾಕ್ಕೊಂಡ್ರ ಬಾಯಾಗ ಇಂಗ್ಲಿಷೇ ಬರತೈತೆವಾ. ಚಟ" ಎಂದರು.

ಕಟ್ಟೆಯ ಮೇಲೆ ಹೇಳುವುದಕ್ಕೆ ಅವರದೊಂದು ಕ್ರಮವಿತ್ತು. ನನಗೂ ಅದನ್ನು ಗಿಣಿಪಾಠ ಮಾಡಿಸಿದ್ದರು. "ಮೊದಲು ನಿಕಾಲ ಹೇಳಬೇಕು. ಗೆದ್ವೋ ಸೋತ್ವೋ ಅಷ್ಟ. ಆಮ್ಯಾಲೆ ನೀರು ಕೊಡಬೇಕು. ಆಮ್ಯಾಲೆ ಕಾರಣ. ಕಾರಣ ಮೊದಲು ಹೇಳಾಕ ಹೋದ್ರ ಪಾಪ ಅವರು ಕಾರಣದಾಗ ನಿಕಾಲ ಹುಡಕ್ಕೋತ ಕೂಡ್ತಾರ, ಏನೂ ಕಿವಿಗೆ ಬೀಳಾಂಗಿಲ್ಲ." ನಿಕಾಲ ಎಂದರೆ ತೀರ್ಪು, ಫಲಿತಾಂಶ. ಸಾಲಿ ಹುಡುಗರ ಪರೀಕ್ಷೆಗೂ ಕೋರ್ಟಿನ ಕೇಸಿಗೂ ನಮ್ಮ ಕಡೆ ಅದೊಂದೇ ಮಾತು.

ಇನ್ನೂ ಒಂದನ್ನು ನಾನು ತಡವಾಗಿ ಗಮನಿಸಿದೆ. ಗೆದ್ದಾಗ ಅವರು "ನೀವು ಗೆದ್ರಿ" ಎನ್ನುತ್ತಿದ್ದರು. ಸೋತಾಗ "ನಾವು ಸೋತ್ವಿ" ಎನ್ನುತ್ತಿದ್ದರು. ನಮ್ಮಲ್ಲಿ ಉಳಿದವರ ರೂಢಿ ಇದಕ್ಕೆ ಪೂರ್ತಿ ಉಲ್ಟಾ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಶಿರಗುಪ್ಪಿಯ ಮುದುಕನ ಸಂಗತಿ ಹೇಳಬೇಕು. ಒಮ್ಮೆ ಆ ಊರಿಗೆ ಒಂದು ಮದುವೆಗೆಂದು ನಾವಿಬ್ಬರೂ ಹೋಗುತ್ತಿದ್ದೆವು. ಊರು ಹತ್ತಿರ ಬಂದಂತೆ ಸರ್ ಮಾತು ಕಡಿಮೆ ಮಾಡಿದರು. ನಾನು ಕೆದಕಿದೆ. ಆಗ ಹೇಳಿದರು.

ಅದು ಇಲ್ಲಿ ಪೀಠ ಬರುವ ಮುಂಚಿನ ಮಾತು. ಮುದುಕನ ಹೊಲದ ಮೇಲೆ ದಾಯಾದಿ ದಾವೆ ಹೂಡಿದ್ದ. ಹುಬ್ಬಳ್ಳಿಯ ಕೋರ್ಟಿನಲ್ಲೂ, ಅದರ ಮೇಲಿನ ಜಿಲ್ಲಾ ಕೋರ್ಟಿನಲ್ಲೂ ಮುದುಕನೇ ಗೆದ್ದ. ದಾಯಾದಿ ಎರಡನೆಯ ಅಪೀಲಿಗೆ ಬೆಂಗಳೂರಿಗೆ ಹೋದ. ಎರಡನೆಯ ಅಪೀಲಿಗೆ ಕಕ್ಷಿದಾರರು ಬರಬೇಕೆಂದೇನೂ ಇಲ್ಲ. ಆದರೂ ಮುದುಕ, "ನನ್ನ ಹೊಲದ ಮಾತು, ನಾನಿಲ್ದ ಹೆಂಗ್ರಿ" ಎಂದು ರೊಟ್ಟಿ ಕಟ್ಟಿಕೊಂಡು ಸರ್ ಜೊತೆಗೆ ರೈಲು ಹತ್ತಿದ. ಕೋರ್ಟಿನಲ್ಲಿ ವಾದ ನಡೆಯಿತು. ಕೊನೆಗೆ ನ್ಯಾಯಮೂರ್ತಿಗಳು ಒಂದು ಮಾತು ಹೇಳಿದರು. ಅದರಲ್ಲಿ ಮುದುಕನಿಗೆ ಗೊತ್ತಾದ ಶಬ್ದ ಒಂದೇ, ಡಿಸ್ಮಿಸ್. ಅವನ ಅಳಿಯ ಬಸ್ ಡ್ರೈವರ್ ಆಗಿದ್ದ. ಯಾವುದೋ ಕಾರಣಕ್ಕೆ ಅಳಿಯನನ್ನು ಕೆಲಸದಿಂದ ಡಿಸ್ಮಿಸ್ ಮಾಡಿದ್ದರು, ಆ ಮನೆಯೇ ಮುಳುಗಿಹೋಗಿತ್ತು. ಡಿಸ್ಮಿಸ್ ಎಂದರೆ ಹೋಯಿತು, ಮುಗಿಯಿತು. ಮುದುಕನಿಗೆ ಅಷ್ಟೇ ಗೊತ್ತು.

ಅದೇ ಹೊತ್ತಿಗೆ ಸರ್ ಅವರ ಇನ್ನೊಂದು ಕೇಸನ್ನು ಬೇರೆ ಹಾಲಿನಲ್ಲಿ ಕೂಗಿದರು. ಓಡುತ್ತ ಹೋಗುವಾಗ ಮುದುಕನ ಕಡೆ ನೋಡಿ ನಕ್ಕು, ಬರ್ತೇನಿ ಇರು ಎನ್ನುವಂತೆ ಕೈ ಮಾಡಿದರು. ತಿರುಗಿ ಬಂದಾಗ ಮುದುಕ ಇರಲಿಲ್ಲ. ಚಹಾದಂಗಡಿ, ಗೇಟು, ಬಸ್ ಸ್ಟಾಪು ಎಲ್ಲ ಕಡೆ ಹುಡುಕಿದರು. ಆಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಗೆದ್ದ ಹುರುಪಿನಲ್ಲಿ ಊರ ಕಡೆ ನಡೆದಿರಬೇಕು ಎಂದುಕೊಂಡು ಸರ್ ತಮ್ಮ ಉಳಿದ ಕೆಲಸ ಮುಗಿಸಿ ಮರುದಿನ ಹುಬ್ಬಳ್ಳಿಗೆ ಬಂದಿಳಿದರು. ತೀರ್ಪನ್ನು ತಾವೇ ಮನೆಯವರಿಗೂ ಹೇಳಿಬಿಡೋಣ ಎಂದು ಸೀದಾ ಶಿರಗುಪ್ಪಿಗೆ ಹೋದರು. ಮನೆಯ ಮುಂದೆ ಜನ ಕೂತಿದ್ದರು. ಮುದುಕ ರೈಲಿನಲ್ಲೇ ತೀರಿಕೊಂಡಿದ್ದ. ಎದೆ ಹಿಡಿದುಕೊಂಡು ಪಕ್ಕದವರ ಮುಂದೆ, "ಹೊಲ ಹೋತ್ರಿ" ಎಂದಷ್ಟೇ ಹೇಳಿದ್ದನಂತೆ.

"ನಾ ಅವನ ಹೇಣ್ತಿ ಮುಂದ ಕುಕ್ಕರಗಾಲಿಲೆ ಕೂತು, 'ಅವ್ವಾ, ಹೊಲ ಹೋಗಿಲ್ಲ, ನೀವು ಗೆದ್ದೀರಿ' ಅಂತ ಹೇಳ್ದೆ. ಆಕಿ ಅಳಲಿಲ್ಲ. ನನ್ನ ಮಾರಿ ನೋಡಿದ್ಲು. 'ಮತ್ತ ಅವಗ ಯಾರ್ ಹೇಳ್ತಾರ್ರಿ?' ಅಂದ್ಲು." ಇಷ್ಟು ಹೇಳಿ ಸರ್ ಕಾರಿನ ಕಿಟಕಿಯ ಕಡೆ ತಿರುಗಿದರು. ಮದುವೆ ಮನೆಯಲ್ಲಿ ಅವರು ಊಟ ಮಾಡಲಿಲ್ಲ.

ಪೀಠದ ಹೋರಾಟಕ್ಕೆ ಅವರು ಇಳಿದದ್ದು ಆ ಪ್ರಶ್ನೆಯನ್ನು ಕಟ್ಟಿಕೊಂಡು. ಸಭೆಗಳಲ್ಲಿ ಮುದುಕನ ಹೆಸರು ಎತ್ತುತ್ತಿರಲಿಲ್ಲ. ಇತಿಹಾಸ ಹೇಳುತ್ತಿದ್ದರು. "ನಮ್ಮಪ್ಪನ ಕಾಲಕ್ಕ ಅಪೀಲು ಅಂದ್ರ ಮುಂಬೈ. ಆಗ ನಾವು ಮುಂಬೈ ಪ್ರಾಂತದವ್ರು. ಐವತ್ತಾರರಾಗ ಕನ್ನಡದವ್ರೆಲ್ಲ ಒಂದಾದ್ವಿ, ಛಲೋ ಆತು, ಅಪೀಲು ಬೆಂಗಳೂರಿಗೆ ಹೋತು. ಮುಂಬೈದಾಗ ಸೋತಾವ ಸಮುದ್ರರೆ ನೋಡಿ ಬರತಿದ್ದ. ಬೆಂಗಳೂರಾಗ ಸೋತಾವ ಏನ್ ನೋಡಿ ಬರಬೇಕು?" ಜನ ನಗುತ್ತಿದ್ದರು. ಅವರೂ ನಗುತ್ತಿದ್ದರು.

ಕಡೆಗೆ ಎರಡು ಸಾವಿರದ ಎಂಟರಲ್ಲಿ ಸಂಚಾರಿ ಪೀಠ ಬಂತು, ಕೆಲವು ವರ್ಷಗಳ ಮೇಲೆ ಅದೇ ಕಾಯಂ ಆಯಿತು. ಉತ್ತರ ಕನ್ನಡದಿಂದ ಬಳ್ಳಾರಿಯ ತನಕ ಜನ ತಮ್ಮ ಅಪೀಲುಗಳನ್ನು ಇಲ್ಲಿಗೇ ತರುವಂತಾಯಿತು. ಊರಿಗೆ ಊರೇ ಸಂಭ್ರಮಪಟ್ಟಿತು. ಸರ್ ಕೂಡ ಹಾರ ಹಾಕಿಸಿಕೊಂಡರು, ಫೋಟೊಗೆ ನಿಂತರು. ಆದರೆ ಒಂದು ವರ್ಷ ಕಳೆಯುವುದರೊಳಗೆ ಅವರಿಗೆ ಹೊಸದೊಂದು ಖಿನ್ನತೆ ಹತ್ತಿಕೊಂಡಿತು. ಹೆದ್ದಾರಿಯ ಮಗ್ಗುಲಿನ ಆ ದೊಡ್ಡ ಕಟ್ಟಡದ ಹಾಲುಗಳಲ್ಲಿ ಹಿಂದಿನ ಸಾಲಿಗೆ ಕೂತ ರೈತರ ಮುಖ ಬೆಂಗಳೂರಿನಲ್ಲಿ ಇದ್ದಂತೆಯೇ ಇತ್ತು. ಯಾರ ಹೆಸರು ಕೂಗಿದರು, ಯಾರು ಗೆದ್ದರು, ಮನೆಗೆ ಹೋಗಬಹುದೋ ಕೂರಬೇಕೋ, ಒಂದೂ ತಿಳಿಯದ ಮುಖ.

"ಬೆಂಗಳೂರಿನ ದಾರಿ ಕಡಿಮಿ ಆತು ತಂಗಿ. ಆದ್ರ ಆ ಪೀಠದಿಂದ ಈ ಹಿಂದಿನ ಬೆಂಚಿನ ತನಕ ಎಷ್ಟ್ ದಾರಿ ಐತಿ ನೋಡು. ಅದಕ್ಕ ಯಾರ್ ಪೆಂಡಾಲ್ ಹಾಕಬೇಕು?" ಎಂದು ಒಂದು ಸಂಜೆ ಕೇಳಿದರು. ಪೆಂಡಾಲ್ ಯಾರೂ ಹಾಕಲಿಲ್ಲ. ಅವರು ಮಾತ್ರ ಕಟ್ಟೆ ಬಿಡಲಿಲ್ಲ. ಬರಬರುತ್ತ ಬೇರೆ ವಕೀಲರ ಕಕ್ಷಿದಾರರೂ ಮೆಲ್ಲಗೆ ಬಂದು, "ನಮ್ಮದೂ ಏನಾತು ಸ್ವಲ್ಪ ಹೇಳ್ರಿ ಸಾಹೇಬ್ರ" ಎಂದು ನಿಲ್ಲತೊಡಗಿದರು. ಆ ವಕೀಲರಿಗೆ ಇದು ಹಿಡಿಸುತ್ತಿರಲಿಲ್ಲ. ಸರ್ ಹೋಗಿ ಅವರನ್ನೇ ಕೈಹಿಡಿದು ಕರೆತಂದು ಕಟ್ಟೆಯ ಮೇಲೆ ಕೂರಿಸಿ, "ನೀವ ಹೇಳ್ರಿ, ನಾನೂ ಕೇಳ್ತೇನಿ" ಎನ್ನುತ್ತಿದ್ದರು. ಕೆಲವರು ಹೇಳುತ್ತಿದ್ದರು, ಕೆಲವರು ವಾಚು ನೋಡಿಕೊಳ್ಳುತ್ತಿದ್ದರು.

ಸುಳ್ಳ ಎಂಬ ಹಳ್ಳಿಯ ಒಬ್ಬ ಹೆಣ್ಣುಮಗಳ ಕೇಸು ನನಗೆ ಮರೆಯುವುದಿಲ್ಲ. ತವರುಮನೆಯ ಪಾಲಿಗಾಗಿ ಅಣ್ಣಂದಿರ ವಿರುದ್ಧ ಕೋರ್ಟು ಹತ್ತಿದ್ದಳು. ಕೆಳಗಿನ ಕೋರ್ಟಿನಲ್ಲಿ ಗೆದ್ದಿದ್ದಳು, ಅಣ್ಣಂದಿರು ಅಪೀಲು ಹಾಕಿದ್ದರು. ನಮ್ಮ ಕೇಸು ಕೇಳುತ್ತಿದ್ದ ನ್ಯಾಯಮೂರ್ತಿಗಳು ಪಾಳಿ ಮುಗಿಸಿ ಬೆಂಗಳೂರಿಗೆ ಹೊರಟ ಸುದ್ದಿ ಅವಳ ಕಿವಿಗೆ ಬಿತ್ತು. ಓಡಿ ಬಂದು, "ಯಪ್ಪಾ, ಆ ಸಾಹೇಬ್ರು ಹೋದ್ರ ನನ್ನ ಕೇಸನೂ ಅವರ ಹಿಂದ ಬೆಂಗಳೂರಿಗೆ ಹೋಗತೈತೇನ್ರಿ?" ಎಂದು ಕಣ್ಣಲ್ಲಿ ನೀರು ತಂದಳು. ನಾನು ಪೀಠ, ರೋಸ್ಟರ್ ಎಂದು ಏನೋ ಶುರು ಮಾಡಿದೆ. ಸರ್ ನನ್ನನ್ನು ತಡೆದರು.

"ಇಲ್ಲವಾ. ಹೈಕೋರ್ಟು ಅಂದ್ರ ಮನಿ ಒಂದ, ಒಲಿ ಮೂರು. ಬೆಂಗಳೂರಾಗೊಂದು, ಕಲಬುರಗಿಯಾಗೊಂದು, ಇಲ್ಲೊಂದು. ಅಡಗಿ ಮಾಡಾಕ ಸೊಸ್ತ್ಯಾರು ಪಾಳಿ ಮ್ಯಾಲೆ ಬರ್ತಾರ, ಹೋಗ್ತಾರ. ನಿನ್ನ ಗಡಿಗಿ ಇದ ಒಲಿ ಮ್ಯಾಲೆ ಇರತೈತಿ."

"ಮತ್ತ ಒಮ್ಮೊಮ್ಮೆ ಇಬ್ಬರು ಸಾಹೇಬ್ರು ಕೂತಿರ್ತಾರಲ್ಲರಿ?"

"ಕೆಲವು ಅಡಗಿ ಒಬ್ಬಾಕಿ ಕೈಲೆ ಆಗಾಂಗಿಲ್ಲ, ಇಬ್ಬರು ಬೇಕು. ನಿಂದು ಒಬ್ಬಾಕಿದ." ಅವಳು ನಕ್ಕಳು. ನನ್ನ ಕಾನೂನು ಪದವಿಯಲ್ಲಿ ಒಂದು ಸೆಮಿಸ್ಟರ್ ತೆಗೆದುಕೊಂಡ ಪಾಠವದು.

ಅವಳ ಕೇಸು ಕೊನೆಗೆ ಸೋತಿತು. ಅಣ್ಣಂದಿರ ಅಪೀಲು ಪುರಸ್ಕೃತವಾಯಿತು. ಹಾಲಿನಿಂದ ಹೊರಬರುವಾಗ ನಾನು, "ಸರ್, ಸುಪ್ರೀಂ ಕೋರ್ಟಿಗೆ ಹೋಗಾಕ ದಾರಿ ಐತಿ ಅಂತ ಮೊದಲು ಹೇಳೋಣ" ಎಂದೆ. ಅವರು ಕೆಂಡವಾದರು. "ದಿಲ್ಲಿ ದಾರಿ ಆಮ್ಯಾಲೆ. ಆಕಿ ಈಗ ಎಲ್ಲಿ ನಿಂತಾಳ ಅನ್ನೂದು ಆಕಿಗೆ ಮೊದಲು ತಿಳೀಬೇಕು." ಕಟ್ಟೆಗೆ ಬಂದರು, ಕೋಟು ತೆಗೆದರು, "ನಾವು ಸೋತ್ವಿ, ತಂಗಿ" ಎಂದರು. ಅವಳು ಕಟ್ಟೆಗೆ ತಲೆ ಆನಿಸಿ ಅತ್ತಳು. ಸರ್ ನೀರಿನ ಬಾಟಲಿ ಅವಳ ಮುಂದಿಟ್ಟು ಪಕ್ಕದಲ್ಲೇ ಕೂತರು. ಮಧ್ಯಾಹ್ನದ ಎರಡು ಕೇಸುಗಳನ್ನು ನನಗೇ ನೋಡಿಕೊಳ್ಳಲು ಹೇಳಿ ಕಳಿಸಿದರು. ನಾನು ಮರಳಿ ಬಂದಾಗ ಅವಳು ಕಣ್ಣೊರೆಸಿಕೊಂಡು, "ಜಡ್ಜ್ ಸಾಹೇಬ್ರ ಮೂರನೇ ಪ್ರಶ್ನಿಗೆ ನೀವು ಹಂಗ ಹೇಳಿದ್ದು ಬರೊಬ್ಬರಿ ಇತ್ತಲ್ಲರಿ?" ಎಂದು ತನ್ನದೇ ಕೇಸಿನ ಬಗ್ಗೆ ಅವರ ಜೊತೆ ವಾದ ಮಾಡುತ್ತಿದ್ದಳು.

ಈಗ ಕಡೆಯ ಮಾತು. ಹೋದ ವರ್ಷ ಸರ್ ಅವರಿಗೆ ಹೊಟ್ಟೆನೋವು ಶುರುವಾಯಿತು. ಗಿರ್ಮಿಟ್ಟಿನ ಹಸಿಮೆಣಸಿನಕಾಯಿಯ ಮೇಲೆ ಗೂಬೆ ಕೂರಿಸಿ ನಾವೆಲ್ಲ ಬೈದೆವು. ಹುಬ್ಬಳ್ಳಿಯ ದವಾಖಾನೆಯಲ್ಲಿ ಪರೀಕ್ಷೆ ಮಾಡಿಸಿದಾಗ ಅದು ಕ್ಯಾನ್ಸರ್ ಎಂದು ಗೊತ್ತಾಯಿತು, ಆಗಲೇ ಯಕೃತ್ತಿಗೂ ಹಬ್ಬಿತ್ತು. ಡಾಕ್ಟರು ಅವರ ಹೆಂಡತಿಯನ್ನೂ ತಮ್ಮನನ್ನೂ ಹೊರಗೆ ಕರೆದು ಹೇಳಿದರು. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಸರ್ ಅವರನ್ನು ಮನೆಗೆ ಕರೆತಂದ ದಿನವೇ ಕಾಕು ನನ್ನನ್ನು ಅಡುಗೆಮನೆಗೆ ಒಯ್ದು ಕೈ ಹಿಡಿದುಕೊಂಡರು.

"ಅವರಿಗೆ ಅಲ್ಸರ್ ಅಂತ ಹೇಳೇವಿ. ನೀ ಬಾಯಿ ಬಿಡಬ್ಯಾಡ ತಂಗಿ. ಧೈರ್ಯಾ ಕಳಕೋತಾರ. ನನ್ನ ಮ್ಯಾಲೆ ಆಣಿ ಮಾಡು."

ಆಣೆ ಮಾಡಿದೆ. ಮತ್ತೇನು ಮಾಡಬೇಕಿತ್ತು? ಕಾಕು ಅವರ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಆ ದಿನಗಳಲ್ಲಿ ಅವರು ಗಂಜಿ ಕಾಯಿಸುತ್ತ, ಬಂದವರಿಗೆ ಚಹಾ ಕೊಡುತ್ತ, ಹಾಸಿಗೆ ಬದಲಿಸುತ್ತ ಮನೆಯ ತುಂಬ ತಿರುಗುತ್ತಿದ್ದರು. ಗಟ್ಟಿ ಹೆಂಗಸು ಎಂದು ಬಂದವರೆಲ್ಲ ಹೊಗಳಿದರು.

ನಾನು ದಿನಾ ಸಂಜೆ ಹೋಗಿ ಅಂದಿನ ಕೇಸುಗಳ ನಿಕಾಲ ಹೇಳುತ್ತಿದ್ದೆ. ಒಂದು ಸಂಜೆ ಅವರು ಎಲ್ಲವನ್ನೂ ಕೇಳಿ, ಕಣ್ಣು ಮುಚ್ಚಿಕೊಂಡೇ, "ಇನ್ನೊಂದು ಕೇಸ್ ಉಳೀತಲ್ಲ" ಎಂದರು. ಯಾವುದು ಸರ್ ಎಂದೆ.

"ನಂದು. ಡಾಕ್ಟರ್ ಹೊರಗ ಹೇಳ್ತಾನ, ತಮ್ಮ ಪಡಸಾಲ್ಯಾಗ ಪಿಸುಗುಡತಾನ, ಇಕಿ ನನ್ನ ಮಾರಿ ನೋಡಾಂಗಿಲ್ಲ. ನನ್ನ ಕೇಸು, ನನ್ನ ಗೈರುಹಾಜರಿಯಾಗ ನಿಕಾಲ ಮಾಡ್ಯಾರ. ಏನಾತು ಹೇಳು."

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಅಡುಗೆಮನೆಯಲ್ಲಿ ಕಾಕು ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಅವರ ತಲೆಯ ಮೇಲೆ ಮಾಡಿದ ಆಣೆ ನೆನಪಾಯಿತು. ಆದರೆ ಈ ಮನುಷ್ಯನ ಮುಂದೆ ನಿಂತು, ಗೆದ್ದೀರಿ ಎಂದು ಹೇಗೆ ಹೇಳುವುದು? ಅವರು ನನ್ನನ್ನು ಆತುರಪಡಿಸಲಿಲ್ಲ. ನಾನು ತಿರುಗಿ ಬಂದು ಮಂಚದ ಪಕ್ಕ ಕೂತೆ.

"ಅದು ಅಲ್ಸರ್ ಅಲ್ಲ ಸರ್. ಕ್ಯಾನ್ಸರ್. ಗುಣ ಆಗೂದಿಲ್ಲ ಅಂತ."

ಅವರು ತಲೆಯಾಡಿಸಿದರು. ನಾನು ನೀರು ಕುಡಿಸಿದೆ. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ನನಗೆ ತಿಳಿದಷ್ಟು ಹೇಳಿದೆ. ಎಲ್ಲಿ ಶುರುವಾಯಿತು, ಎಲ್ಲಿಗೆ ಹಬ್ಬಿತು, ಆಪರೇಷನ್ ಯಾಕೆ ಆಗುವುದಿಲ್ಲ. ಒಂದೆರಡು ಕಡೆ ತಪ್ಪಿ, ಮತ್ತೆ ಮೊದಲಿನಿಂದ ಹೇಳಿದೆ. ಅವರು ಕಾದರು. ನಾನು ಮುಗಿಸಿದ ಮೇಲೆ, "ಸ್ವಚ್ಛ ಹೇಳಿದಿ" ಎಂದರು. ನನ್ನ ಇಡೀ ವಕೀಲಿಕೆಯಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದಕ್ಕಾಗಿ ನಾನು ಪಟ್ಟ ಸಂಕಟ ನನ್ನ ವೈರಿಗೂ ಬೇಡ.

"ಕಾಕೂಗ ಗೊತ್ತಾದ್ರ ನನ್ನ ಮನಿಯೊಳಗ ಸೇರಿಸೂದಿಲ್ಲ ಸರ್" ಎಂದೆ.

"ಆಕಿನ್ನ ಕರಿ. ಆಕಿಗೆ ನಾ ಹೇಳ್ತೇನಿ."

"ಅವರಿಗೆ ಗೊತ್ತೈತಿ ಸರ್."

"ಆಕಿಗೆ ಯಾರೂ ಹೇಳಿಲ್ಲ. ದವಾಖಾನಿ ಬಾಗಲದಾಗ ನಿಂದರಿಸಿ ಒಂದು ಶಬ್ದ ಕಿವ್ಯಾಗ ಹಾಕಿ ಕಳಿಸ್ಯಾರ. ಕರಿ."

ಕಾಕು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸರ್ ಮಂಚದ ಅಂಚನ್ನು ತಟ್ಟಿ, "ಕುಂದ್ರು" ಎಂದರು. ಕಾಕು ಕೂತರು. ನಾನು ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಅವರ ಧ್ವನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವಸರವಿಲ್ಲದೆ, ನಡುನಡುವೆ ನಿಲ್ಲಿಸಿ ಹೇಳುತ್ತಿದ್ದರು. ಕಾಕು ಏನೋ ಕೇಳಿದರು. ಅವರು ಉತ್ತರ ಕೊಟ್ಟರು. ಮತ್ತೆ ಏನೋ ಕೇಳಿದರು.

ಬಹಳ ಹೊತ್ತಿನ ಮೇಲೆ ಕಾಕು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತರು. "ನಿದ್ದಿ ಹತ್ತೇತಿ ಅವರಿಗೆ" ಎಂದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಡಾಕ್ಟರ್ ಹೇಳಿದಾಗ ನನಗೇನೂ ತಿಳಿದಿರಲಿಲ್ಲ ತಂಗಿ" ಎಂದರು. "ಇವರು ಹೋಗ್ತಾರಂತ."

ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಳಗಿನವರಿಗೆ ಕೇಳಿಸದ ಹಾಗೆ, ಮೊದಲ ಸಲ ಅತ್ತರು.